ಅಡಕಲು ಗಡಿಗೆ, ಇಟಲಿ ಡಬ್ಬಿ, ಅತ್ತೆಯ ಮಾತ್ರೆ

ನಮ್ಮತ್ತೆ ಜವನಗೊಂಡನಹಳ್ಳಿಯ ಮನೆಗೆ ಬೀಗ ಹಾಕಿ ಚಿತ್ರದುರ್ಗದ ನಮ್ಮ ಎರಡು ರೂಮಿನ ಮನೆಗೆ ಬಂದಾಗ ತಂದದ್ದು ಒಂದು ಟ್ರಂಕು, ಮೂರು ಚೀಲ, ಜೊತೆಗೆ ಮಂಡಿನೋವು. ಟ್ರಂಕು ಅಟ್ಟ ಸೇರಿತು. ಚೀಲಗಳನ್ನು ಅವರ ಮಂಚದ ಕೆಳಗೆ ತಳ್ಳಿದೆ. ಬೀರುವಿನಲ್ಲಿ ಮಕ್ಕಳ ಬಟ್ಟೆಗೇ ಜಾಗ ಇರಲಿಲ್ಲ ನೋಡಿ, ನನಗೇನೂ ಅದು ತಪ್ಪು ಅನ್ನಿಸಲಿಲ್ಲ.

ಒಂದು ತಿಂಗಳಾದ ಮೇಲೆ ಬಿ.ಪಿ. ಮಾತ್ರೆ ತರಿಸೋಣ ಅಂತ ಎಣಿಸಿದರೆ ಹನ್ನೊಂದು ಮಾತ್ರೆ ಹಾಗೇ ಉಳಿದಿವೆ! ಕೇಳಿದ್ದಕ್ಕೆ, “ಬಗ್ಗಿ ಚೀಲ ಎಳೆಯಾಕೆ ಆಗಲ್ಲ ಕಣವ್ವಾ. ರಾತ್ರಿ ಹೊತ್ತು ನಿಮ್ಮನ್ನ ಯಾಕೆ ಎಬ್ಬಿಸಾದು ಅಂತ ಸುಮ್ನಾದೆ” ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಪೇಟೆಗೆ ಹೋಗಿ ಐದು ಡ್ರಾಯರಿನ ಪ್ಲಾಸ್ಟಿಕ್ ಸ್ಟ್ಯಾಂಡ್ ತಂದೆ. ಒಂದರ ಮೇಲೊಂದು ಕೂರಿಸುವಂಥದ್ದು, ಅಡಿಯಲ್ಲಿ ಚಕ್ರ. ನೀವೂ ನೋಡಿರ್ತೀರಿ, ಎಷ್ಟೋ ಮನೆಗಳಲ್ಲಿ ಇದೆ. ಮಾತ್ರೆ, ಕನ್ನಡಕ ಮೇಲೆ ಇರಲಿ ಅಂತ ಇಟ್ಟೆ. ಜಾಗ ಇದೆಯಲ್ಲಾ ಅಂತ ಮೇಲಿನ ಎರಡನೇ ಡ್ರಾಯರಿಗೆ ಸೀರೆಗಳನ್ನೂ ತುರುಕಿದೆ. ಅಲ್ಲೇ ಎಡವಿದ್ದು. ಮೂರನೇ ದಿನ ಅತ್ತೆ ಡ್ರಾಯರು ಎಳೆದಾಗ ಇಡೀ ಸ್ಟ್ಯಾಂಡೇ ಅವರ ಮೇಲೆ ವಾಲಿತು. ಮಂಚದ ಅಂಚಿಗೆ ತಾಗಿ ನಿಂತಿತು, ಪುಣ್ಯ!

ಭಾವನವರ ಮಗಳು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ರಜೆಗೆ ಬಂದವಳು ಇದನ್ನೆಲ್ಲ ಕೇಳಿ, “ಚಿಕ್ಕಮ್ಮಾ, ಇದರ ಅಜ್ಜಿ ಇಟಲಿಯಲ್ಲಿದ್ದಾಳೆ” ಅಂತ ಒಂದು ಚಿತ್ರ ತೋರಿಸಿದಳು. ದುಂಡಗಿನ ಬಿಳಿ ಡಬ್ಬಿಗಳು, ಒಂದರ ಮೇಲೊಂದು ಮೂರು. ಹೆಸರು ‘ಕಾಂಪೊನಿಬಿಲಿ’. ಅಂದರೆ ಜೋಡಿಸಿಕೊಳ್ಳಬಹುದಾದದ್ದು. ಮಾಡಿದ್ದು ಮಿಲಾನಿನ ಆನಾ ಕಾಸ್ತೆಲ್ಲಿ ಫೆರ್ರಿಯೇರಿ ಎಂಬ ವಾಸ್ತುಶಿಲ್ಪಿ, ಹೆಂಗಸು! 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡರು. ಅವರ ಗಂಡ ಜೂಲಿಯೋ ಕಾಸ್ತೆಲ್ಲಿ ರಸಾಯನಶಾಸ್ತ್ರದ ಎಂಜಿನಿಯರು. ಪಾಲಿಪ್ರೊಪಿಲೀನಿನ ಕೆಲಸಕ್ಕೆ 1963ರಲ್ಲಿ ನೊಬೆಲ್ ಪಡೆದ ಜೂಲಿಯೋ ನಟ್ಟಾರ ಶಿಷ್ಯ. 1949ರಲ್ಲಿ ‘ಕಾರ್ಟೆಲ್’ ಕಂಪನಿ ಶುರು ಮಾಡಿದ ಇವರು ಮೊದಲು ಕಾರಿನ ಸಾಮಾನು, ಆಮೇಲೆ ಬಕೆಟ್ಟು ಮುಂತಾದ ಮನೆ ಸಾಮಾನು ಮಾಡುತ್ತಿದ್ದರು. ಆ ಬಕೆಟ್ಟೊಂದಕ್ಕೆ 1955ರಲ್ಲಿ ಇಟಲಿಯ ದೊಡ್ಡ ವಿನ್ಯಾಸ ಪ್ರಶಸ್ತಿ ಬಂತಂತೆ. ನಾವು ದಿನಾ ಉಜ್ಜೋ ಬಕೆಟ್ಟಿಗೆ!

ಈ ಡಬ್ಬಿಗಳು ಬಂದದ್ದು 1960ರ ದಶಕದ ಕೊನೆಗೆ, ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ. ಒಂದರ ಮೇಲೊಂದು ಇಟ್ಟರೆ ಕೂತುಕೊಳ್ಳುತ್ತೆ. ಬಾಗಿಲು ಪಕ್ಕಕ್ಕೆ ಸರಿಯುತ್ತೆ, ಹಿಡಿಯ ಬದಲು ಬೆರಳು ತೂರಿಸುವ ಒಂದು ತೂತು. ಮೂರು ಅಂತಸ್ತಿನದು ಎರಡು ಅಡಿಗಿಂತ ಸ್ವಲ್ಪ ಕಮ್ಮಿ ಎತ್ತರ. ಅಂದರೆ ಮಂಚದ ಮೇಲೆ ಕೂತವರ ಕೈಗೆ ಸರಿಯಾಗಿ ಸಿಗುವಷ್ಟು. ಮೂಲೆಗಳಿಲ್ಲ, ಹಾಗಾಗಿ ತಾಗಿ ಗಾಯ ಆಗೋದಿಲ್ಲ. ಬಾಗಿಲು ಮುಂದಕ್ಕೆ ಬರೋದಿಲ್ಲ, ಹಾಗಾಗಿ ಎಳೆದು ಬೀಳಿಸಿಕೊಳ್ಳುವ ಭಯವೂ ಇಲ್ಲ. ಈಗ ನ್ಯೂಯಾರ್ಕಿನ ಮ್ಯೂಸಿಯಂನಲ್ಲೂ ಇದೆ, ಅಂಗಡಿಯಲ್ಲೂ ಸಿಗುತ್ತೆ. ಬೆಲೆ ಮಾತ್ರ ಕೇಳಬೇಡಿ.

ಅತ್ತೆ ಕನ್ನಡಕ ಹಾಕ್ಕೊಂಡು ಚಿತ್ರ ನೋಡಿದರು. “ಇದು ಅಡಕಲು ಅಲ್ವೇನೇ?” ಅಂದರು. ಹೌದಲ್ಲಾ! ಊರಿನ ಮನೆಯಲ್ಲಿ ಕೆಳಗೆ ದೊಡ್ಡ ಗುಡಾಣ, ಅದರ ಮೇಲೆ ಚಿಕ್ಕದು, ತುದಿಯಲ್ಲಿ ಪುಟ್ಟ ಕುಡಿಕೆ. ಕೆಳಗೆ ರಾಗಿ, ಮೇಲೆ ಬೇಳೆ, ತುದಿಗೆ ಮೆಂತ್ಯ. ಭಾರದ್ದು ಯಾವತ್ತೂ ಕೆಳಗೆ. ಇಷ್ಟನ್ನು ಅತ್ತೆಯನ್ನೇ ಮೊದಲು ಕೇಳಿದ್ದರೆ ಸ್ಟ್ಯಾಂಡ್ ವಾಲುತ್ತಲೇ ಇರಲಿಲ್ಲ.

ನಾವು ಮಾಡಿದ್ದು ಇಷ್ಟೇ. ಐದು ಅಂತಸ್ತನ್ನು ಕಳಚಿ ಮೂರು ಒಂದು ಕಡೆ, ಎರಡು ಒಂದು ಕಡೆ ಮಾಡಿದೆವು. ಚಕ್ರ ತೆಗೆದುಹಾಕಿದೆವು. ವಯಸ್ಸಾದವರು ಏಳುವಾಗ ಪಕ್ಕದ್ದನ್ನು ಹಿಡಿದುಕೊಳ್ಳುತ್ತಾರೆ, ಅದು ಉರುಳಿದರೆ ಗತಿಯೇನು? ಮೂರರದ್ದನ್ನು ಮಂಚದ ತಲೆಯ ಬದಿಗೆ, ಗೋಡೆಗೆ ಒತ್ತಿ ಇಟ್ಟೆವು.

ನೀವು ಕೊಳ್ಳುವಾಗ ಡ್ರಾಯರನ್ನು ಪೂರ್ತಿ ಹೊರಗೆಳೆದು ನೋಡಿ, ಒಂದು ಕೈಯಲ್ಲಿ ಸಲೀಸಾಗಿ ಬರಬೇಕು. ತಳವನ್ನು ಹೆಬ್ಬೆರಳಲ್ಲಿ ಒತ್ತಿ, ಬಳುಕಿದರೆ ಬಟ್ಟೆಯ ಭಾರಕ್ಕೆ ಅದು ಜೋಲುತ್ತೆ. ಅಡಿಯಲ್ಲಿ ತ್ರಿಕೋನದೊಳಗೆ 5 ಅಂತಿದ್ದರೆ ಪಾಲಿಪ್ರೊಪಿಲೀನ್. ಘಾಟು ವಾಸನೆ ಬರುವುದನ್ನು ಅಲ್ಲೇ ಬಿಟ್ಟು ಬನ್ನಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಎತ್ತರದ ಸ್ಟ್ಯಾಂಡನ್ನು ಗೋಡೆಗೆ ಬಿಗಿಯಲೇಬೇಕು, ಡ್ರಾಯರೇ ಅವಕ್ಕೆ ಮೆಟ್ಟಿಲು. ಮಾತ್ರೆ ಇಟ್ಟ ಡ್ರಾಯರಂತೂ ಅವರ ಕೈಗೆ ಸಿಗಲೇಬಾರದು.

ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕಿಟಕಿ ಪಕ್ಕ ಇಟ್ಟರೆ ಬಣ್ಣ ಹೋಗಿ ಬರಬರುತ್ತಾ ಪುಡಿಪುಡಿ ಆದೀತು. ಗೆದ್ದಲು ಮುಟ್ಟಲ್ಲ ನಿಜ, ಇಲಿ ಬಿಡಲ್ಲ. ನುಸಿಗುಳಿಗೆಯನ್ನು ನೇರವಾಗಿ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗಿ ಅಂಟುತ್ತೆ. ಒಣ ಬೇವಿನೆಲೆಯ ಗಂಟು ಸಾಕು. ನೇಲ್ ಪಾಲಿಶ್ ತೆಗೆಯುವ ದ್ರವ ಎ.ಬಿ.ಎಸ್. ಮೇಲೆ ಬಿದ್ದರೆ ಹೊಳಪೇ ಕರಗುತ್ತೆ. ಒರೆಸೋಕೆ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು, ತಂತಿ ಬ್ರಷ್ಷು ಬೇಡ.

ಈಗ ಮೇಲಿನ ಡ್ರಾಯರಿನಲ್ಲಿ ಮಾತ್ರೆ, ಕನ್ನಡಕ, ಟಾರ್ಚು. ಹೊರಗೆ ಕೆಂಪು ಟೇಪು ಅಂಟಿಸಿದ್ದೇನೆ, ಕತ್ತಲಾದರೂ ಕೈಗೆ ತಿಳಿಯುತ್ತೆ. ನಡುವೆ ಎಲೆಅಡಿಕೆ ಚೀಲ. ಕೆಳಗೆ ಸೀರೆ, ಅದರಡಿ ಏನಿದೆಯೋ ನಾನು ಕೇಳಿಲ್ಲ. ಉಳಿದ ಎರಡು ಅಂತಸ್ತಿಗೆ ಮುಚ್ಚಳ ಇರಲಿಲ್ಲ, ಊರಿಂದ ಬಂದ ಹಳೇ ಮಣೆ ಸರಿಯಾಗಿ ಕೂತಿತು. ಈಗ ಅದು ಬಚ್ಚಲುಮನೆ ಬಾಗಿಲ ಪಕ್ಕ, ಸೋಪಿನ ಪುಡಿ ಹೊತ್ತು ನಿಂತಿದೆ.