ಕಬ್ಬಿನಲ್ಲಿ ಕಾಡುಮರಿ ಕಂಡರೆ: ಎತ್ತಬೇಕೆ, ಬಿಡಬೇಕೆ?

ಕಬ್ಬು ಕಡಿಯುವ ಕಾಲ ಬಂದಿತೆಂದರೆ ಗೋಕುಳ ಶಿರಗಾಂವದಿಂದ ಕಾಗಲ, ಗಡಹಿಂಗ್ಲಜದವರೆಗೆ ಹೊಲಹೊಲಗಳಲ್ಲಿ ಕೊಯ್ತಾದ ಸಪ್ಪಳ ಕೇಳತೊಡಗುತ್ತದೆ. ಹೀಗೆ ಕಡಿಯುತ್ತ ಹೋಗುವಾಗ ಒಮ್ಮೊಮ್ಮೆ ರವದಿಯ ನಡುವೆ ಕಣ್ಣು ಪಿಳುಕಿಸುತ್ತಿರುವ ಎರಡು ಮೂರು ಮರಿಗಳು ಕಾಣುವುದುಂಟು. ತಾಯಿ ಸುತ್ತಮುತ್ತ ಎಲ್ಲಿಯೂ ಇರುವುದಿಲ್ಲ. ‘ಅಯ್ಯೋ ಪಾಪ, ತಬ್ಬಲಿಗಳು’ ಎಂದು ಯಾರಾದರೂ ಅವನ್ನು ಬುಟ್ಟಿಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸದಿಂದಲೇ ಆ ಮರಿಗಳು ನಿಜವಾಗಿ ತಬ್ಬಲಿಗಳಾಗುತ್ತವೆ. ಆದುದರಿಂದ ಈ ವಿಷಯವನ್ನು ನಮ್ಮ ರೈತ ಬಾಂಧವರು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ.

ತಾಯಿ ಎಲ್ಲಿ ಹೋಗಿರುತ್ತದೆ?

ಕಾಡುಬೆಕ್ಕಾಗಲಿ ಚಿರತೆಯಾಗಲಿ ತನ್ನ ಮರಿಗಳನ್ನು ದಟ್ಟವಾದ ಕಬ್ಬಿನಲ್ಲಿ ಬಚ್ಚಿಟ್ಟು ಬೇಟೆಗೆ ಹೋಗುತ್ತದೆ. ಜನರ ಗದ್ದಲ ಕೇಳಿದರೆ ಹತ್ತಿರವೇ ಅಡಗಿ ಕುಳಿತಿರುವುದೂ ಉಂಟು. ಕತ್ತಲಾಗಿ ಗದ್ದಲ ಅಡಗಿದ ಮೇಲೆ ಬಂದು, ಒಂದೊಂದನ್ನೇ ಬಾಯಲ್ಲಿ ಕಚ್ಚಿ ಬೇರೆ ಕಡೆಗೆ ಸಾಗಿಸುತ್ತದೆ. ತಾಯಿ ಕಾಣಲಿಲ್ಲವೆಂದ ಮಾತ್ರಕ್ಕೆ ತಾಯಿ ಇಲ್ಲವೆಂದು ತಿಳಿಯಬಾರದು. ಮನುಷ್ಯನ ವಾಸನೆ ಹತ್ತಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆಂಬ ಮಾತೂ ನಿಜವಲ್ಲ.

ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ ಚಿರತೆಗಳು ಕಬ್ಬಿನಲ್ಲಿಯೇ ಈಯುತ್ತವೆ. ಅಲ್ಲಿ ಕಡಿಯುವವರ ಕೈಗೆ ಸಿಕ್ಕ ಮರಿಗಳನ್ನು ಅರಣ್ಯ ಇಲಾಖೆಯವರೂ ಮಾಣಿಕಡೋಹ ಚಿರತೆ ಕೇಂದ್ರದ ವೈದ್ಯರೂ ಪರೀಕ್ಷಿಸಿ, ಸಂಜೆಗೆ ಅದೇ ಹೊಲದ ಅದೇ ಜಾಗದಲ್ಲಿ ಪೆಟ್ಟಿಗೆಯೊಳಗೆ ಇಟ್ಟು ದೂರ ಸರಿಯುತ್ತಾರೆ. ತಾಯಿ ಬಂದು ಪೆಟ್ಟಿಗೆ ಉರುಳಿಸಿ ಮರಿಗಳನ್ನು ಒಯ್ದದ್ದು ಕ್ಯಾಮರಾದಲ್ಲಿ ಎಷ್ಟೋ ಸಲ ದಾಖಲಾಗಿದೆ.

ಯಾವುದರ ಮರಿ?

ಚಿರತೆಯ ಮರಿಯೆಂದು ಹುಯಿಲೆಬ್ಬಿಸಿದ್ದು ಅನೇಕ ಸಲ ಕಾಡುಬೆಕ್ಕಿನ ಮರಿಯಾಗಿರುತ್ತದೆ. ಚಿರತೆಯ ಮರಿಗೆ ಮೈತುಂಬ ಒತ್ತಾದ ಕಪ್ಪು ಚುಕ್ಕೆಗಳು, ದಪ್ಪ ಪಂಜ, ಉದ್ದ ಬಾಲ ಇರುತ್ತವೆ. ಕಾಡುಬೆಕ್ಕಿನ ಮರಿಗೆ ಮೈಮೇಲೆ ಮಸುಕಾದ ಪಟ್ಟೆಗಳಿದ್ದು, ಬಾಲ ಗಿಡ್ಡ. ಈ ಕಾಡುಬೆಕ್ಕು ರೈತನ ಗೆಳೆಯ. ರಾಜಸ್ಥಾನದ ಸರಿಸ್ಕಾ ಅರಣ್ಯದಲ್ಲಿ ಅಭ್ಯಾಸ ಮಾಡಿದವರು ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ಹಿಡಿಯುತ್ತದೆಂದು ಲೆಕ್ಕ ಹಾಕಿದ್ದಾರೆ. ಕಬ್ಬಿನ ಬುಡ ಕಡಿಯುವ ಇಲಿಗೆ ಇದಕ್ಕಿಂತ ಅಗ್ಗದ ಮದ್ದು ಯಾವುದಿದೆ?

ಬಿಡಬೇಕಾದಾಗ

ಮರಿಯ ಮೈಮೇಲೆ ಗಾಯವಿಲ್ಲದೆ ಅದು ಬೆಚ್ಚಗೆ, ತುಂಬಿದ ಹೊಟ್ಟೆಯಿಂದ ಮಲಗಿದ್ದರೆ ಮುಟ್ಟಬೇಡಿರಿ. ಆ ಮಗ್ಗುಲಿನ ಕಡಿತವನ್ನು ಅಂದಿಗೆ ನಿಲ್ಲಿಸಿ, ಸುತ್ತ ಸ್ವಲ್ಪ ಕಬ್ಬನ್ನು ನಿಂತಂತೆಯೇ ಬಿಟ್ಟು, ಜನರನ್ನೂ ನಾಯಿಗಳನ್ನೂ ದೂರ ಕಳಿಸಿರಿ. ಚಿರತೆಯ ಮರಿಯೆಂಬ ಸಂಶಯವಿದ್ದರಂತೂ ಕಡಿಯುವವರೆಲ್ಲರೂ ಕೂಡಲೇ ಹೊಲದಿಂದ ಹೊರಬರಬೇಕು. ಮರಿಗಾಗಿ ಬಂದ ತಾಯಿ ಮೈಮೇಲೆ ಎರಗಬಹುದು. ಕಡಿಯುವ ಟೋಳಿಯವರ ಚಿಕ್ಕ ಮಕ್ಕಳು ಬದುವಿನ ಮೇಲೆ ಮಲಗಿರುತ್ತಾರೆಂಬುದನ್ನು ಹೊಲದ ಮಾಲಕರು ಮರೆಯಬಾರದು.

ಎತ್ತಬೇಕಾದಾಗ

ಗಾಯವಾಗಿ ರಕ್ತ ಸುರಿಯುತ್ತಿದ್ದರೆ, ಬೆಂಕಿಯಲ್ಲಿ ಸುಟ್ಟಿದ್ದರೆ, ನಾಯಿ ಕಚ್ಚಿದ್ದರೆ, ಮೈಮೇಲೆ ನೊಣವೋ ಇರುವೆಯೋ ಮುತ್ತಿದ್ದರೆ, ತಾಯಿ ಸತ್ತು ಬಿದ್ದದ್ದು ಕಣ್ಣಿಗೆ ಕಂಡಿದ್ದರೆ, ಮರಿ ತಣ್ಣಗಾಗಿ ಸೊರಗಿ ಹಗಲೆಲ್ಲ ಚೀರುತ್ತಿದ್ದರೆ ಮಾತ್ರ ಅದಕ್ಕೆ ಮನುಷ್ಯನ ಸಹಾಯ ಬೇಕು. ಬಾವಿಗೆ ಬಿದ್ದ ಪ್ರಾಣಿಗೂ ಬೇಕು. ಆದರೆ ಬಾವಿಯ ಸುತ್ತ ಜಾತ್ರೆ ಕೂಡಿಸಬಾರದು.

ಇಂಥ ಸಮಯದಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿರಿ, ಇಲ್ಲವೆ ಊರಿನ ಪೋಲೀಸ ಪಾಟೀಲರಿಗೆ ತಿಳಿಸಿರಿ. ಮರಾಠಿ ಚೆನ್ನಾಗಿ ಬಾರದವರು ‘ಬಿಬಟ್ಯಾಚೆ ಪಿಲ್ಲು’ (ಚಿರತೆಯ ಮರಿ), ‘ರಾನಮಾಂಜರಾಚೆ ಪಿಲ್ಲು’ (ಕಾಡುಬೆಕ್ಕಿನ ಮರಿ) ಎಂದು ಹೇಳಿ ಊರು, ಹೊಲದ ಗುರುತು ಕೊಟ್ಟರೆ ಸಾಕು. ಅವರು ಬರುವವರೆಗೆ ಮರಿಯನ್ನು ದಪ್ಪ ಚೀಲದಿಂದ ಹಿಡಿದು, ಗಾಳಿಯಾಡುವ ಬುಟ್ಟಿಯಲ್ಲಿ ನೆರಳಿಗಿಟ್ಟು ಮುಚ್ಚಿರಿ. ಆಕಳ ಹಾಲು ಹಾಕಬೇಡಿರಿ. ಹೊಟ್ಟೆ ಕೆಟ್ಟು ಸಾಯಬಹುದು. ಮರಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ತೆಗೆದುಕೊಳ್ಳಬೇಕು.

ಮನೆಯಲ್ಲಿ ಸಾಕುವ ಮಾತು ಬೇಡವೇ ಬೇಡ. ಮನುಷ್ಯನ ಕೈಯಲ್ಲಿ ಬೆಳೆದ ಚಿರತೆಮರಿಗೆ ಬೇಟೆ ಕಲಿಸುವವರಿಲ್ಲ; ಅದರ ಬಾಳೆಲ್ಲ ಪಂಜರದಲ್ಲಿಯೇ ಕಳೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಚಿರತೆಯನ್ನು ಹಿಡಿದವನಿಗೆ 3ರಿಂದ 7 ವರ್ಷಗಳ ಸೆರೆವಾಸವೂ ಉಂಟು.

ಮುಂಜಾಗ್ರತೆ

ಕಡಿತವನ್ನು ಒಂದು ಮಗ್ಗುಲಿನಿಂದ ಆರಂಭಿಸಿರಿ; ಒಳಗಿನ ಪ್ರಾಣಿಗಳಿಗೆ ಇನ್ನೊಂದು ಮಗ್ಗುಲಿನಿಂದ ಹೊರಬೀಳಲು ದಾರಿ ಇರುತ್ತದೆ. ನಾಲ್ಕೂ ಕಡೆಯಿಂದ ಬೆಂಕಿ ಹಚ್ಚಿದರೆ ಓಡಲಾರದ ಮರಿಗಳು ಸುಟ್ಟು ಬೂದಿಯಾಗುತ್ತವೆ. ರವದಿಯನ್ನು ಸುಡದೆ ಸಾಲಿನಲ್ಲಿಯೇ ಕೊಳೆಸಿದರೆ ಮರಿಗಳ ಜೀವವೂ ಉಳಿಯುತ್ತದೆ, ಭೂಮಿಗೆ ಗೊಬ್ಬರವೂ ಆಗುತ್ತದೆ. ಈ ಸಲದ ಕಡಿತಕ್ಕೆ ಮುಂಚೆ ಟೋಳಿಯವರನ್ನು ಕೂಡಿಸಿ ಇಷ್ಟು ಮಾತನ್ನು ತಿಳಿಸಿ ಹೇಳಬೇಕೆಂದು ನಮ್ಮ ಸೂಚನೆ.