ದುಡಿಯುವ ಮೈಗೂ ಒಂದು ಲೆಕ್ಕ ಬೇಕು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ಕಡೆ ಬೆಳಗಿನ ಹೊತ್ತು ನಡೆದಾಡುವ ಹಲವರ ಮಣಿಕಟ್ಟಿನಲ್ಲಿ ಈಗ ಹೆಜ್ಜೆ ಎಣಿಸುವ ಗಡಿಯಾರವಿರುತ್ತದೆ. ಆರೋಗ್ಯಕ್ಕೆಂದು ನಡೆಯುವವರ ಹೆಜ್ಜೆಗೆ ಹೀಗೆ ಲೆಕ್ಕವುಂಟು. ಅದೇ ಜಿಲ್ಲೆಯ ಚನ್ನಗಿರಿ ಕಡೆಯ ತೋಟಗಳಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವವರ, ಮರ ಹತ್ತುವವರ, ಕುಳಿತು ಅಡಿಕೆ ಸುಲಿಯುವವರ ಬೆನ್ನಿಗೆ ಲೆಕ್ಕವಿಲ್ಲ. ಗೊಬ್ಬರಕ್ಕೆ, ಔಷಧಿಗೆ, ಕೂಲಿಗೆ ಖರ್ಚು ಬರೆದಿಡುವ ನಾವು, ಸಣ್ಣ ಹಿಡುವಳಿಯಲ್ಲಿ ನಾವೇ ದುಡಿಯುವವರಾದರೂ, ಮೈ ಸವೆದದ್ದನ್ನು ಮಾತ್ರ ಬರೆಯುವುದಿಲ್ಲ. ಆ ಲೆಕ್ಕ ಹಿಡಿಯಬಲ್ಲ ಉಪಕರಣವೊಂದರ ಪರಿಚಯ ಬೆಳೆಗಾರ ಬಂಧುಗಳಿಗೆ ಇರುವುದು ಒಳ್ಳೆಯದು.

ಹಳೆಯ ವಿಚಾರ

ದೇಹದ ಚಲನೆಯನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಗಾರೆ ಕೆಲಸವನ್ನು ಗಮನಿಸಿ, ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದರು. ಇಟ್ಟಿಗೆಯನ್ನು ನೆಲದಲ್ಲಿ ಸುರಿಯದೆ ಕೈಗೆಟುಕುವ ಎತ್ತರದಲ್ಲಿ ಇರಿಸಿದ್ದು ಅದರಲ್ಲಿ ಮುಖ್ಯವಾದ ಉಪಾಯ. 1910ರ ದಶಕದಲ್ಲಿ ಅವರು ಮತ್ತು ಪತ್ನಿ ಲಿಲಿಯನ್ ಕೆಲಸಗಾರರ ಕೈಗೆ ಪುಟ್ಟ ವಿದ್ಯುದ್ದೀಪ ಕಟ್ಟಿ, ಅದು ಸಾಗಿದ ಜಾಡನ್ನು ಛಾಯಾಚಿತ್ರದಲ್ಲಿ ಹಿಡಿದರು. ಇಂದಿನ ಸಂವೇದಕ ಆ ದೀಪದ ಮುಂದಿನ ಪೀಳಿಗೆ ಎನ್ನಬಹುದು.

ಉಪಕರಣದ ಕೆಲಸ

2014ರಲ್ಲಿ ತೆರೆಕಂಡ ರಜನೀಕಾಂತ್ ಅವರ ‘ಕೊಚ್ಚಡೈಯಾನ್’ ಚಿತ್ರದಲ್ಲಿ ನಟರ ಚಲನೆಯನ್ನು ಹಿಡಿದು ಗಣಕದ ಬೊಂಬೆಗಳಿಗೆ ತುಂಬಿದ್ದು ಅನೇಕರಿಗೆ ನೆನಪಿರಬಹುದು. ಅಂತಹ ಕೆಲಸಕ್ಕೆ ಸುತ್ತಲೂ ಕ್ಯಾಮೆರಾಗಳಿರುವ ಕೋಣೆ ಬೇಕು. ತೋಟದಲ್ಲಿ ಮರಗಳು ಅಡ್ಡ ಬರುತ್ತವೆ. ಮೈಗೇ ಕಟ್ಟುವ ಸಂವೇದಕಕ್ಕೆ ಆ ತೊಡಕಿಲ್ಲ. ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಈ ಬಿಲ್ಲೆಯೊಳಗೆ ಮೂರು ಅಳತೆಗಾರರಿದ್ದಾರೆ. ಒಂದು ವೇಗದ ಏರಿಳಿತವನ್ನೂ ಭೂಮಿ ಸೆಳೆಯುವ ದಿಕ್ಕನ್ನೂ ಅಳೆಯುತ್ತದೆ. ಎರಡನೆಯದು ಅಂಗ ಎಷ್ಟು ಬೇಗ ತಿರುಗಿತೆಂಬುದನ್ನು ಹೇಳುತ್ತದೆ. ಮೂರನೆಯದು ದಿಕ್ಸೂಚಿಯಂತೆ ಉತ್ತರವನ್ನು ಗುರುತಿಸುತ್ತದೆ. ನೆದರ್‌ಲೆಂಡ್ಸ್‌ನ ಎಕ್ಸ್‌ಸೆನ್ಸ್ ಕಂಪೆನಿಯ ಪೂರ್ಣ ವ್ಯವಸ್ಥೆಯಲ್ಲಿ ತಲೆಯಿಂದ ಪಾದದವರೆಗೆ ಇಂತಹ 17 ಬಿಲ್ಲೆಗಳಿರುತ್ತವೆ.

ದೋಷಗಳೂ ಉಂಟು. ಹೊತ್ತು ಕಳೆದಂತೆ ಸಣ್ಣ ತಪ್ಪುಗಳು ಕೂಡಿ ಅಳತೆ ಜಾರುತ್ತದೆ; ಹತ್ತಿರದಲ್ಲಿ ಕಬ್ಬಿಣವಿದ್ದರೆ ದಿಕ್ಸೂಚಿ ಮೋಸಹೋಗುತ್ತದೆ. ಆದುದರಿಂದ ಮೊದಲು ನೆಟ್ಟಗೆ ನಿಂತು ಅಳತೆಯನ್ನು ಸರಿಪಡಿಸಿಕೊಳ್ಳಬೇಕು. ಹೊತ್ತ ಚೀಲದ ತೂಕ, ಹಿಡಿತದ ಬಲ, ನೋವು ಇವು ಯಾವುವೂ ಇದಕ್ಕೆ ತಿಳಿಯವು.

ಭಾರ ಎಲ್ಲಿಗೆ ಹೋಯಿತು?

ಹೊಸ ಸಾಧನ ಬಂದಾಗ ಶ್ರಮ ತಪ್ಪಿತೆಂದು ಭಾವಿಸುತ್ತೇವೆ. ಹಲವು ವೇಳೆ ಅದು ಜಾಗ ಬದಲಿಸಿರುತ್ತದೆ, ಅಷ್ಟೆ. ಉದ್ದನೆಯ ದೋಟಿಯಿಂದ ಕೊನೆ ಇಳಿಸುವಾಗ ಮರದಿಂದ ಬೀಳುವ ಭಯವಿಲ್ಲ. ಇದು ದೊಡ್ಡ ಲಾಭವೇ. ಆದರೆ ಕತ್ತನ್ನು ಹಿಂದಕ್ಕೆ ಬಾಗಿಸಿ, ತೋಳೆತ್ತಿ ಗಂಟೆಗಟ್ಟಲೆ ನಿಲ್ಲಬೇಕು. ಕುಳಿತು ಮೆಟ್ಟುಗತ್ತಿಯಲ್ಲಿ ಸುಲಿಯುವವರಿಗೆ ಬೆನ್ನೂ ಮಣಿಕಟ್ಟೂ ದುಡಿಯುತ್ತವೆ. ಯಾವ ಅಂಗ, ಎಷ್ಟು ಹೊತ್ತು, ಎಷ್ಟು ಬಾಗಿತ್ತು ಎಂಬುದನ್ನು ಸಂವೇದಕ ತೋರಿಸಿಕೊಟ್ಟರೆ ಹಿಡಿಕೆಯ ಉದ್ದ, ಮಣೆಯ ಎತ್ತರ, ವಿರಾಮದ ವೇಳೆ ಇವನ್ನು ಊಹೆಯಿಂದಲ್ಲ, ಅಳತೆಯಿಂದ ನಿರ್ಧರಿಸಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಪೂರ್ಣ ವ್ಯವಸ್ಥೆ ದುಬಾರಿ. ಒಬ್ಬೊಬ್ಬ ಬೆಳೆಗಾರ ಕೊಳ್ಳುವ ವಸ್ತುವಲ್ಲ. ಆದರೆ ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಇಂತಹ ಸಂವೇದಕ ಇದ್ದೇ ಇರುತ್ತದೆ. ಕೋನ ತೋರಿಸುವ ಆ್ಯಪ್ ಹಾಕಿ, ಫೋನನ್ನು ಭುಜಗಳ ನಡುವೆ, ಪರದೆ ಹೊರಗೆ ಕಾಣುವಂತೆ ಬಟ್ಟೆಯಿಂದ ಬಿಗಿಯಿರಿ. ನೆಟ್ಟಗೆ ನಿಂತಾಗಿನ ಕೋನವನ್ನು ಸೊನ್ನೆ ಎಂದು ಹಿಡಿಯಿರಿ. ಸುಲಿಯುವ ಅಥವಾ ಕಳೆ ತೆಗೆಯುವ ಕೆಲಸ ನಡೆಯುವಾಗ ಇನ್ನೊಬ್ಬರು ನಿಮಿಷಕ್ಕೊಮ್ಮೆ ನೋಡಿ, ಅರ್ಧ ಗಂಟೆ ಬರೆದುಕೊಳ್ಳಲಿ. ಮುಂದಕ್ಕೆ ಬಾಗಿದ ಕೋನ 20 ಡಿಗ್ರಿಯೊಳಗೆ, 20ರಿಂದ 60, 60ಕ್ಕೂ ಹೆಚ್ಚು ಎಂದು ವಿಂಗಡಿಸಿರಿ. ಕೆಲಸದ ಭಂಗಿಯನ್ನು ಪರೀಕ್ಷಿಸುವ ತಜ್ಞರೂ ಬೆನ್ನಿನ ವಿಷಯದಲ್ಲಿ ಇದೇ ಮೆಟ್ಟಿಲುಗಳನ್ನು ಬಳಸುತ್ತಾರೆ. ಮರುದಿನ ಮಣೆ ಎತ್ತರಿಸಿ ಅಥವಾ ಉದ್ದ ಹಿಡಿಕೆ ಹಾಕಿ, ಅದೇ ವ್ಯಕ್ತಿಯಿಂದ ಅದೇ ಕೆಲಸವನ್ನು ಮಾಡಿಸಿ ಹೋಲಿಸಿರಿ. ಮರ ಹತ್ತುವವರಿಗೆ ಮಾತ್ರ ಈ ಪ್ರಯೋಗ ಸಲ್ಲದು. ಅವರ ಗಮನ ಕದಲಬಾರದು.

ಕೊನೆಯದಾಗಿ ಒಂದು ಮಾತು. ಮೈ ಸವೆಯದಂತೆ ನೋಡಿಕೊಳ್ಳಲು ಬಂದ ಈ ಉಪಕರಣ, ಯಾರು ನಿಧಾನ ಎಂದು ಹಿಡಿದು ಕೂಲಿ ಮುರಿಯುವ ಕೋಲಾಗಬಾರದು. ಕಟ್ಟುವ ಮುನ್ನ ಕೆಲಸದವರ ಒಪ್ಪಿಗೆ ಪಡೆಯಿರಿ. ಬರೆದ ಅಂಕಿಗಳನ್ನು ಅವರಿಗೂ ತೋರಿಸಿರಿ. ಎಲ್ಲಿ ನೋಯುತ್ತದೆಂದು ಯಂತ್ರಕ್ಕಿಂತ ಚೆನ್ನಾಗಿ ಅವರು ಬಲ್ಲರು. ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಕಾಲವಿದು. ಇರುವವರ ಬೆನ್ನು ಉಳಿದರೆ ತೋಟವೂ ಉಳಿದೀತು.