ಕತ್ತರಿ ಬಿದ್ದದ್ದು ವಿಳಾಸಕ್ಕೆ, ಫೋಟೊಗಲ್ಲ

ನಿಮ್ಮ ಗೂಗಲ್ ಖಾತೆಯ ಮೂಲೆಯಲ್ಲಿ ಒಂದು ಪುಟ್ಟ ದುಂಡು ಫೋಟೊ ಇರುತ್ತಲ್ಲ, ಅದಕ್ಕೂ ಒಂದು ವೆಬ್ ವಿಳಾಸ ಇದೆ. ತಲೆಬುಡ ಗೊತ್ತಾಗದ ಅಕ್ಷರಗಳ ಉದ್ದ ಸಾಲು. ಅದರ ಬಾಲದಲ್ಲಿ ಮಾತ್ರ ಓದಿ ಅರ್ಥ ಮಾಡಿಕೊಳ್ಳಬಹುದಾದ ಒಂದು ತುಣುಕು ಸಾಮಾನ್ಯವಾಗಿ ಇರುತ್ತೆ: ‘ಎಸ್96-ಸಿ’. ಎಸ್ ಅಂದ್ರೆ ಸೈಜ್, 96 ಅಂದ್ರೆ ಪಿಕ್ಸೆಲ್ ಲೆಕ್ಕ, ಸಿ ಅಂದ್ರೆ ಕ್ರಾಪ್. ‘ಈ ಫೋಟೊವನ್ನು 96 ಪಿಕ್ಸೆಲ್ ಚೌಕವಾಗಿ ಕತ್ತರಿಸಿ ಕಳಿಸು’ ಅಂತ ಸರ್ವರ್‌ಗೆ ಕೊಟ್ಟ ಆರ್ಡರ್ ಅದು. 96 ಅಳಿಸಿ 400 ಅಂತ ಬರೆದು ಎಂಟರ್ ಒತ್ತಿದರೆ ಅದೇ ಮುಖ ದೊಡ್ಡದಾಗಿ ಬರುತ್ತೆ. ಆ್ಯಪ್ ಬೇಡ, ಎಡಿಟರ್ ಬೇಡ. (ವಿಳಾಸಗಳಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರೋದು. ಓದೋಕೆ ಹಗುರಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

ಇದನ್ನು ಮೊದಲ ಸಲ ನೋಡಿದವರಿಗೆ ತಮಾಷೆ ಅನ್ನಿಸುತ್ತೆ. ಆದರೆ ಇದರ ಹಿಂದಿನ ಸಂಗತಿ ಸ್ವಲ್ಪ ಯೋಚನೆಗೆ ಹಚ್ಚುವಂಥದ್ದು. ನೀವು ದಿನವಿಡೀ ಫೋನಿನಲ್ಲಿ ನೋಡುವ ಬಹಳಷ್ಟು ಫೋಟೊಗಳು ಮೂಲ ಫೋಟೊಗಳಲ್ಲ. ಕೇಳಿದ ಅಳತೆಗೆ ಆ ಹೊತ್ತಿಗೆ ತಯಾರಾದ ಪ್ರತಿಗಳು. ಮೂಲ ಬೇರೆಲ್ಲೋ ಇಡಿಯಾಗಿ ಕೂತಿರುತ್ತೆ.

ದರ್ಶಿನಿಯ ಅಡುಗೆಮನೆ ನೆನಪಿಸಿಕೊಳ್ಳಿ. ಹಿಟ್ಟು ಒಂದೇ. ಚೀಟಿಯಲ್ಲಿ ಏನು ಬರೆದು ಬಂತೋ ಅದರ ಪ್ರಕಾರ ಖಾಲಿ ದೋಸೆ, ಮಸಾಲೆ, ಈರುಳ್ಳಿ ದೋಸೆ. (ಸೆಟ್ ದೋಸೆಯ ಹಿಟ್ಟೇ ಬೇರೆ ಅನ್ನುವವರು ಕ್ಷಮಿಸಬೇಕು.) ಇಲ್ಲಿ ವಿಳಾಸದ ಬಾಲವೇ ಆ ಚೀಟಿ. ವ್ಯತ್ಯಾಸ ಇಷ್ಟೇ, ಎಷ್ಟು ದೋಸೆ ಹುಯ್ದರೂ ಈ ಹಿಟ್ಟು ಮುಗಿಯಲ್ಲ.

ಈ ಪದ್ಧತಿ ಬಂದದ್ದು ಸೋಮಾರಿತನದಿಂದ ಅಲ್ಲ, ಲೆಕ್ಕಾಚಾರದಿಂದ. ಫೋನ್ ಕ್ಯಾಮೆರಾದ ಒಂದು ಸಾಮಾನ್ಯ ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ ಅಂದುಕೊಳ್ಳಿ. ಒಟ್ಟು 1.2 ಕೋಟಿ ಪಿಕ್ಸೆಲ್. ಅದನ್ನು ಶಾಪಿಂಗ್ ಆ್ಯಪ್‌ನ ಪಟ್ಟಿಯಲ್ಲಿ 400ಕ್ಕೆ 300ರ ಚಿಕ್ಕ ಚೌಕಟ್ಟಿನಲ್ಲಿ ತೋರಿಸಬೇಕು. ಅಲ್ಲಿಗೆ ಬೇಕಿರುವುದು 1.2 ಲಕ್ಷ ಪಿಕ್ಸೆಲ್, ಅಂದರೆ ನೂರರಲ್ಲಿ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲನ್ನು ಕಳಿಸಿದರೆ ಹೋಗೋದು ನಿಮ್ಮ ಡೇಟಾ, ನಿಮ್ಮ ಬ್ಯಾಟರಿ, ರೈಲಿನಲ್ಲಿ ಕೂತು ಪುಟ ತೆರೆಯಲಿ ಅಂತ ಕಾಯುವ ನಿಮ್ಮ ಸಮಯ. ಮೊದಲೆಲ್ಲ ಫೋಟೊ ಅಪ್‌ಲೋಡ್ ಆದಾಗಲೇ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಪ್ರತಿ ಮಾಡಿಟ್ಟರೆ ಸಾಕಾಗುತ್ತಿತ್ತು. ವರ್ಡ್‌ಪ್ರೆಸ್ ಈಗಲೂ ಸುಮಾರು ಹಾಗೇ ಮಾಡುತ್ತೆ. ಆದರೆ ಪರದೆಗಳ ಅಳತೆ ನೂರಾರು ಬಗೆ ಆದಮೇಲೆ ಮೊದಲೇ ಮಾಡಿಡುವುದು ಕೈಗೂಡುವ ಕೆಲಸ ಅಲ್ಲ. ಡಿಸೈನರ್ ಒಂದು ಬೆಳಗ್ಗೆ ಬಂದು ಚೌಕಟ್ಟನ್ನು 20 ಪಿಕ್ಸೆಲ್ ಅಗಲ ಮಾಡಿದರೆ ಹಳೆಯ ಲಕ್ಷ ಫೋಟೊಗಳನ್ನೂ ಮತ್ತೆ ಕತ್ತರಿಸಬೇಕು. ಅದಕ್ಕೇ ‘ಕೇಳಿದಾಗ ಮಾಡಿಕೊಡು’ ಅನ್ನುವ ದಾರಿ.

ಒಬ್ಬೊಬ್ಬರ ಭಾಷೆ ಒಂದೊಂದು. ಅನ್‌ಸ್ಪ್ಲಾಶ್‌ನ ಫೋಟೊಗಳು ಇಮ್ಗಿಕ್ಸ್ ಅನ್ನುವ ಸೇವೆಯ ಮೂಲಕ ಬರುತ್ತವೆ. ಅಲ್ಲಿ ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಡಬ್ಲ್ಯೂ=400’, ‘ಎಚ್=300’, ‘ಫಿಟ್=ಕ್ರಾಪ್’. ‘ಕ್ಯೂ=80’ ಅಂತಿದ್ದರೆ ಅದು ಗುಣಮಟ್ಟ. ಕ್ಲೌಡಿನರಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಅಳತೆಗಳು ವಿಳಾಸದ ಹೊಟ್ಟೆಯೊಳಗೇ ಇರುತ್ತವೆ. ವಿಕಿಪೀಡಿಯದ್ದು ಇನ್ನೂ ಸರಳ. ಹಂಪಿಯ ಕಲ್ಲಿನ ರಥದ ಫೋಟೊ ಕನ್ನಡ ವಿಕಿಪೀಡಿಯದ ಪುಟದಲ್ಲಿ ಕಂಡರೆ, ಅದರ ವಿಳಾಸದಲ್ಲಿ ‘ಥಂಬ್’ ಅನ್ನುವ ಪದವೂ ಫೈಲಿನ ಹೆಸರಿನ ಮುಂದೆ ಇಷ್ಟು ಪಿಕ್ಸೆಲ್ ಅನ್ನುವ ಸಂಖ್ಯೆಯೂ ಇರುತ್ತೆ. ‘ಥಂಬ್’ ಪದವನ್ನೂ ಆ ಸಂಖ್ಯೆ ಇರುವ ಕೊನೆಯ ತುಣುಕನ್ನು ಪೂರ್ತಿಯಾಗಿಯೂ ತೆಗೆದರೆ ಛಾಯಾಗ್ರಾಹಕರು ಕೊಟ್ಟ ಪೂರ್ತಿ ಫೈಲೇ ಎದುರಿಗೆ. ಅಲ್ಲಿ ಅದು ಬೇಕಂತಲೇ ಮುಕ್ತವಾಗಿರುವುದು.

ನನಗೆ ಇವೆಲ್ಲದರಲ್ಲಿ ಇಷ್ಟವಾಗೋದು ಗ್ರಂಥಾಲಯಗಳವರು ಸೇರಿ ಮಾಡಿಕೊಂಡ ಟ್ರಿಪಲ್ ಐ ಎಫ್ ಅನ್ನುವ ಒಪ್ಪಂದ. ವ್ಯಾಟಿಕನ್ ಲೈಬ್ರರಿ, ಬ್ರಿಟಿಷ್ ಲೈಬ್ರರಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಲ್ಲ ಇದನ್ನು ಬಳಸುತ್ತವೆ. ಇದರಲ್ಲಿ ವಿಳಾಸವೇ ಒಂದು ವಾಕ್ಯದ ಹಾಗೆ: ಮೊದಲು ಯಾವ ಚಿತ್ರ, ಆಮೇಲೆ ಅದರ ಯಾವ ಭಾಗ, ಎಷ್ಟು ಅಳತೆ, ಎಷ್ಟು ಡಿಗ್ರಿ ತಿರುಗಿಸಬೇಕು, ಕೊನೆಗೆ ಬಣ್ಣದಲ್ಲೋ ಕಪ್ಪುಬಿಳುಪಿನಲ್ಲೋ. ಎಡದಿಂದ ಇಷ್ಟು, ಮೇಲಿನಿಂದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು ಅಂತ ನಾಲ್ಕು ಸಂಖ್ಯೆ ಕೊಟ್ಟರೆ ಹಳೆಯ ಹಸ್ತಪ್ರತಿಯೊಂದರ ಏಳನೇ ಸಾಲು ಮಾತ್ರ ಬರುತ್ತೆ. ಸಂಶೋಧಕರು ‘ಈ ಸಾಲು ನೋಡಿ’ ಅಂತ ಬರೀ ಲಿಂಕ್ ಕಳಿಸಬಹುದು. ನೋಡುವವರಿಗೆ ಅನುಮಾನ ಬಂದರೆ ಸಂಖ್ಯೆ ಬದಲಿಸಿ ಅಕ್ಕಪಕ್ಕದ ಸಾಲನ್ನೂ ನೋಡಬಹುದು. ಕತ್ತರಿಸಿದ್ದನ್ನು ಬಿಚ್ಚಿ ನೋಡಲು ಆಗುವುದೇ ಇಲ್ಲಿ ಲಾಭ.

ಕತ್ತರಿಸುವಾಗ ಯಾವ ಭಾಗ ಉಳಿಯಬೇಕು ಅನ್ನೋದು ಬೇರೆಯೇ ತಲೆನೋವು. ಏನೂ ಹೇಳದಿದ್ದರೆ ಹೆಚ್ಚಿನ ಸೇವೆಗಳು ನಡುಭಾಗ ಇಟ್ಟುಕೊಂಡು ಅಂಚು ಕತ್ತರಿಸುತ್ತವೆ. ಉದ್ದ ಫೋಟೊಗಳಲ್ಲಿ ಎತ್ತರದವರ ತಲೆ ಹಾರಿಹೋಗೋದು ಹೀಗೆ. ‘ಕ್ರಾಪ್=ಫೇಸಸ್’ ಅಂತ ಕೊಟ್ಟರೆ ಮುಖ ಹುಡುಕಿ ಅದನ್ನು ಉಳಿಸುತ್ತೆ. ಆದರೆ ಯಾರ ಮುಖ? 2020ರ ಸೆಪ್ಟೆಂಬರಿನಲ್ಲಿ ಟ್ವಿಟರ್ ಬಳಕೆದಾರರು ಉದ್ದ ಚಿತ್ರದ ಒಂದು ತುದಿಯಲ್ಲಿ ಬಿಳಿಯರ, ಇನ್ನೊಂದು ತುದಿಯಲ್ಲಿ ಕಪ್ಪುವರ್ಣದವರ ಮುಖ ಹಾಕಿ ನೋಡಿದರು. ತಾನಾಗಿ ಕತ್ತರಿಸುವ ಯಂತ್ರ ಬಿಳಿ ಮುಖವನ್ನೇ ಮತ್ತೆ ಮತ್ತೆ ಆರಿಸಿತು. 2021ರ ಮೇ ತಿಂಗಳಲ್ಲಿ ಟ್ವಿಟರ್ ತಾನೇ ಪರೀಕ್ಷಿಸಿ ಆ ಒಲವು ಇದೆ ಅಂತ ಒಪ್ಪಿಕೊಂಡಿತು, ಫೋನುಗಳಲ್ಲಿ ಚಿತ್ರವನ್ನು ಕತ್ತರಿಸದೆ ತೋರಿಸತೊಡಗಿತು.

ಬಾಲ ತೆಗೆದರೆ ಏನು ಬರುತ್ತೆ?

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಮದುವೆಯೊಂದರ ಗುಂಪು ಫೋಟೊದಿಂದ ನಿಮ್ಮ ಮುಖವನ್ನಷ್ಟೇ ಆರಿಸಿ ಪ್ರೊಫೈಲಿಗೆ ಹಾಕಿದಿರಿ ಅಂತಿಟ್ಟುಕೊಳ್ಳಿ. ತಾಣವೇ ಒಂದು ಚೌಕ ಕೊಟ್ಟು ‘ಎಳೆದು ಹೊಂದಿಸಿ’ ಅಂದಿತು, ನೀವು ಹೊಂದಿಸಿದಿರಿ. ಪಕ್ಕದಲ್ಲಿ ನಿಂತಿದ್ದ ತಂಗಿ, ಅವಳ ಕೈಯಲ್ಲಿದ್ದ ಮಗು ಹೊರಗೆ ಹೋದರು ಅಂತ ನಿಮ್ಮ ಲೆಕ್ಕ. ಎಷ್ಟೋ ತಾಣಗಳು ನಿಜವಾಗಿಯೂ ಕತ್ತರಿಸಿದ ಫೈಲನ್ನೇ ಉಳಿಸಿಕೊಳ್ಳುತ್ತವೆ, ಅಲ್ಲಿ ತೊಂದರೆ ಇಲ್ಲ. ಆದರೆ ಇನ್ನು ಕೆಲವು ಕಡೆ ಪೂರ್ತಿ ಫೋಟೊ ಸರ್ವರ್‌ಗೆ ಹೋಗಿರುತ್ತೆ, ನೀವು ಎಳೆದ ಚೌಕ ಬರೀ ನಾಲ್ಕು ಸಂಖ್ಯೆಯಾಗಿ ವಿಳಾಸದಲ್ಲಿ ಕೂತಿರುತ್ತೆ. ಆ ಸಂಖ್ಯೆ ಅಳಿಸಿದವರಿಗೆ ತಂಗಿಯೂ ಕಾಣ್ತಾಳೆ, ಮಗುವೂ ಕಾಣುತ್ತೆ.

ಬಾಡಿಗೆಗೆ ಕೊಡುವ ಮನೆಯ ಫೋಟೊದಲ್ಲಿ ಮೂಲೆಗೆ ಬಿದ್ದಿರುವ ಕರೆಂಟ್ ಬಿಲ್, ಮಾರಾಟಕ್ಕಿಟ್ಟ ಸ್ಕೂಟರಿನ ನಂಬರ್ ಪ್ಲೇಟ್, ಆಧಾರ್ ಕಾರ್ಡಿನ ಅರ್ಧ ಮುಚ್ಚಿದ ಸಂಖ್ಯೆ, ಎಲ್ಲಕ್ಕೂ ಇದೇ ಮಾತು.

ಇದಕ್ಕಿಂತ ಕೆಟ್ಟದ್ದು ಮಸುಕು ಮಾಡುವುದು. ‘ಸದಸ್ಯರಾದರೆ ಮಾತ್ರ ಫೋಟೊ ಸ್ಪಷ್ಟವಾಗಿ ಕಾಣುತ್ತದೆ’ ಅನ್ನುವ ತಾಣಗಳನ್ನು ನೋಡಿರುತ್ತೀರಿ. ಮಸುಕು ಮಾಡಲೂ ಇಂಥದ್ದೇ ಒಂದು ಚೀಟಿ ಇದೆ, ಇಮ್ಗಿಕ್ಸ್‌ನಲ್ಲಿ ಅದರ ಹೆಸರು ‘ಬ್ಲರ್’. ತಾಣ ಕಟ್ಟಿದವರು ಅಷ್ಟನ್ನೇ ನಂಬಿ ಕೂತಿದ್ದರೆ ಆ ಪದ ಅಳಿಸಿದವರಿಗೆಲ್ಲ ಫೋಟೊ ಸ್ವಚ್ಛವಾಗಿ ಸಿಗುತ್ತೆ. ಪರದೆ ಹಾಕಿದ್ದಾರೆ, ಆದರೆ ಅದರ ಹಗ್ಗ ನೋಡುವವರ ಕೈಯಲ್ಲೇ ಇದೆ. ಹುಡುಗಿಯೊಬ್ಬಳು ‘ನನ್ನ ಫೋಟೊ ಎಲ್ಲರಿಗೂ ಕಾಣಬಾರದು’ ಅಂತ ಬಟನ್ ಒತ್ತಿದ್ದು ಅದನ್ನು ನಂಬಿಕೊಂಡೇ ಅಲ್ವಾ? ಇಂಥ ಕಡೆ ‘ಬಳಕೆದಾರರಿಗೆ ಅಷ್ಟೆಲ್ಲ ಗೊತ್ತಾಗಲ್ಲ ಬಿಡಿ’ ಅನ್ನುವ ನಮ್ಮ ಕಸುಬಿನವರ ಉದಾಸೀನ ನನಗೆ ಸಿಟ್ಟು ತರಿಸುತ್ತೆ. ಯಾಕಂದ್ರೆ ಪರಿಹಾರ ಇದೆ, ಹಳೆಯದು, ಸುಲಭವಾದದ್ದು ಕೂಡ.

ಅದರ ಹೆಸರು ಸಹಿ. ತಾಣದ ಸರ್ವರ್ ತನಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನು ವಿಳಾಸದ ಜತೆ ಸೇರಿಸಿ ಲೆಕ್ಕ ಮಾಡಿ, ಬಂದ ಉತ್ತರವನ್ನು ವಿಳಾಸಕ್ಕೇ ಅಂಟಿಸುತ್ತೆ. ಯಾರಾದರೂ 400 ಇದ್ದದ್ದನ್ನು 4000 ಮಾಡಿದರೆ, ‘ಬ್ಲರ್’ ತೆಗೆದರೆ, ಲೆಕ್ಕ ತಪ್ಪುತ್ತೆ. ಚಿತ್ರ ಬರಲ್ಲ. ಬ್ರೆಜಿಲ್‌ನ ಗ್ಲೋಬೊ ತಾಣದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಥಂಬೋರ್ ಅನ್ನುವ ತಂತ್ರಾಂಶದಲ್ಲಿ ಸಹಿ ಇಲ್ಲದ ವಿಳಾಸದೊಳಗೆ ‘ಅನ್‌ಸೇಫ್’ ಅಂತಲೇ ಬರೆಯಬೇಕು. ಇಂಥ ಪ್ರಾಮಾಣಿಕತೆ ಎಲ್ಲ ಕಡೆ ಇದ್ದಿದ್ದರೆ ಚೆನ್ನಾಗಿತ್ತು. ಸಹಿಯ ಜತೆಗೆ ಮೂಲ ಫೈಲಿನ ಬಾಗಿಲಿಗೂ ಬೀಗ ಬೇಕು, ಇಲ್ಲದಿದ್ದರೆ ಹಿತ್ತಿಲಿನಿಂದ ಬಂದಾರು.

ಸಹಿ ಇಲ್ಲದಿದ್ದರೆ ತಾಣದವರಿಗೂ ಪೆಟ್ಟು ಬೀಳುತ್ತೆ. ಒಂದೊಂದು ಹೊಸ ಅಳತೆಗೂ ಸರ್ವರ್ ಬೆವರು ಸುರಿಸಬೇಕಲ್ಲ, 401, 402, 403 ಅಂತ ಒಬ್ಬ ಕೇಳುತ್ತಾ ಹೋದರೆ ಸಾಕು, ಸರ್ವರ್ ಸುಸ್ತು. ಡ್ರೂಪಲ್‌ನಲ್ಲಿ ಇಂಥದ್ದೇ ಲೋಪ ಕಂಡು 2013ರ ಫೆಬ್ರವರಿಯಲ್ಲಿ ಬಂದ 7.20ರಲ್ಲಿ ಚಿತ್ರದ ವಿಳಾಸಗಳಿಗೆ ಟೋಕನ್ ಸೇರಿಸಿದರು. ಅದಕ್ಕೂ ಮೊದಲು, 2011ರಲ್ಲಿ, ವರ್ಡ್‌ಪ್ರೆಸ್ ಥೀಮ್‌ಗಳಲ್ಲಿ ಹರಡಿಕೊಂಡಿದ್ದ ಟಿಮ್‌ಥಂಬ್ ಅನ್ನುವ ಪುಟ್ಟ ಪ್ರೋಗ್ರಾಂ ದೊಡ್ಡ ರಾದ್ಧಾಂತವನ್ನೇ ಮಾಡಿತ್ತು. ನಂಬಿಕಸ್ಥ ತಾಣಗಳಿಂದ ಮಾತ್ರ ಚಿತ್ರ ತರಬೇಕು ಅನ್ನುವ ನಿಯಮ ಅದರಲ್ಲಿತ್ತು. ಆದರೆ ವಿಳಾಸದಲ್ಲಿ ಎಲ್ಲಾದರೂ ಆ ತಾಣದ ಹೆಸರು ಇದ್ದರೆ ಸಾಕು, ಒಳಗೆ ಬಿಡುತ್ತಿತ್ತು. ಕಳ್ಳರು ತಮ್ಮ ತಾಣದ ಹೆಸರಿನೊಳಗೆ ಆ ಹೆಸರು ತುರುಕಿ, ಚಿತ್ರದ ವೇಷದಲ್ಲಿ ಕೋಡ್ ಕಳಿಸಿದರು.

ನಿಮ್ಮ ಕೈಯಲ್ಲಿ ಇರುವುದು

ನಿಮ್ಮದೇ ಪ್ರೊಫೈಲ್ ಅಥವಾ ಜಾಹೀರಾತಿನ ಪುಟವನ್ನು ಫೋನಿನ ಕ್ರೋಮ್‌ನಲ್ಲಿ ತೆರೆದು, ಫೋಟೊ ಮೇಲೆ ಬೆರಳು ಒತ್ತಿ ಹಿಡಿಯಿರಿ. ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯುವ ಆಯ್ಕೆ ಬರುತ್ತೆ. ಅಲ್ಲಿ ವಿಳಾಸದ ಬಾಲ ನೋಡಿ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದ್ದನ್ನೆಲ್ಲ ಅಳಿಸಿ ನೋಡಿ. ಗೂಗಲ್ ಮಾದರಿಯದ್ದಾದರೆ ಎಸ್ ಮುಂದಿನ ಸಂಖ್ಯೆಯನ್ನು ಸೊನ್ನೆ ಮಾಡಿ, ‘ಸಿ’ ತೆಗೆಯಿರಿ. ಕತ್ತರಿಸಿದ್ದು ವಾಪಸ್ ಬಂದರೆ ಆ ಫೋಟೊ ಡಿಲೀಟ್ ಮಾಡಿ, ಮೊದಲೇ ಕತ್ತರಿಸಿದ ಫೈಲ್ ಹಾಕಿ. ಈ ಪರೀಕ್ಷೆ ನಿಮ್ಮ ಫೋಟೊಗೆ ಮಾತ್ರ. ಪಕ್ಕದ ಮನೆಯವರ ಪರದೆ ಸರಿಸಿ ನೋಡುವ ಚಟ ಬೇಡ.

ಮೊದಲೇ ಕತ್ತರಿಸೋದರಲ್ಲೂ ಒಂದೆರಡು ಕೊಕ್ಕೆ ಇವೆ. ಐಫೋನ್‌ನ ಫೋಟೋಸ್‌ನಲ್ಲಿ ಕ್ರಾಪ್ ಮಾಡಿದರೂ ಮೂಲ ಒಳಗೇ ಇರುತ್ತೆ, ‘ರಿವರ್ಟ್’ ಒತ್ತಿದರೆ ಮರಳಿ ಬರುತ್ತೆ. ಮಾಮೂಲಿಯಾಗಿ ಹಂಚಿದರೆ ಕತ್ತರಿಸಿದ್ದೇ ಹೋಗುತ್ತೆ, ಆದರೆ ಏರ್‌ಡ್ರಾಪ್‌ನಲ್ಲಿ ‘ಆಲ್ ಫೋಟೋಸ್ ಡೇಟಾ’ ಆಯ್ಕೆ ಆನ್ ಇದ್ದರೆ ಮೂಲವೂ ಜತೆಗೆ ಹೊರಡುತ್ತೆ. ಪವರ್‌ಪಾಯಿಂಟ್, ವರ್ಡ್‌ಗಳಲ್ಲಿ ಕ್ರಾಪ್ ಮಾಡಿದ ಚಿತ್ರದ ಉಳಿದ ಭಾಗ ಫೈಲಿನಲ್ಲೇ ಇರುತ್ತೆ. ‘ಕಂಪ್ರೆಸ್ ಪಿಕ್ಚರ್ಸ್’ ಒಳಗೆ ಹೋಗಿ ಕತ್ತರಿಸಿದ ಭಾಗ ಅಳಿಸು ಅನ್ನೋದನ್ನು ಆರಿಸಬೇಕು. ಆಫೀಸಿನ ಪ್ರೆಸೆಂಟೇಶನ್‌ನಲ್ಲಿ ಸಂಬಳದ ಪಟ್ಟಿಯ ಒಂದು ಮೂಲೆ ಕತ್ತರಿಸಿ ಅಂಟಿಸುವವರು ಇದನ್ನು ಎರಡು ಸಲ ಓದಿ.

2023ರ ಮಾರ್ಚ್‌ನಲ್ಲಿ ಇನ್ನೂ ವಿಚಿತ್ರವಾದದ್ದು ಹೊರಬಿತ್ತು. ಗೂಗಲ್ ಪಿಕ್ಸೆಲ್ ಫೋನಿನ ಮಾರ್ಕಪ್‌ನಲ್ಲಿ ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿದರೆ, ಹೊಸ ಚಿಕ್ಕ ಚಿತ್ರವನ್ನು ಹಳೆಯ ಫೈಲಿನ ಮೇಲೇ ಬರೆಯುತ್ತಿತ್ತು, ಆದರೆ ಹಳೆಯದರ ಉಳಿದ ತುದಿಯನ್ನು ಕತ್ತರಿಸುತ್ತಿರಲಿಲ್ಲ. ಆ ತುದಿಯಿಂದ ಮರೆಯಾದ ಭಾಗವನ್ನು ಬಹುಪಾಲು ಮತ್ತೆ ಕಟ್ಟಬಹುದಿತ್ತು. ಅದನ್ನು ‘ಏಕ್ರೊಪಲಿಪ್ಸ್’ ಅಂತ ಕರೆದರು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ರೀತಿಯ ದೋಷ ಸಿಕ್ಕಿತು. ಎರಡನ್ನೂ ಸರಿಪಡಿಸಿದ್ದಾರೆ, ಆದರೆ ಅದಕ್ಕೂ ಮೊದಲು ಹಂಚಿದ ಹಳೆಯ ಫೈಲುಗಳು ಎಲ್ಲಿವೆಯೋ ಅಲ್ಲೇ ಇವೆ.

ನಾನು ಮನೆಯವರಿಗೆ ಹೇಳಿಕೊಟ್ಟಿರುವ ಉಪಾಯ ಒರಟು, ಆದರೆ ಕೆಲಸ ಮಾಡುತ್ತೆ. ಬೇಕಾದ ಭಾಗವನ್ನು ಪರದೆ ತುಂಬ ಹಿಗ್ಗಿಸಿ, ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮತ್ತೆ ಮುಟ್ಟದೆ ಹಾಗೇ ಅಪ್‌ಲೋಡ್ ಮಾಡೋದು. ಪರದೆಯ ಹೊರಗಿನದ್ದು ಆ ಫೈಲಿನಲ್ಲಿ ಇರೋಕೆ ಸಾಧ್ಯವೇ ಇಲ್ಲ. ಫೋಟೊ ತೆಗೆದ ಜಾಗದ ಜಿಪಿಎಸ್ ಮಾಹಿತಿಯೂ ಅದರ ಜತೆ ಬರಲ್ಲ. ಸ್ಪಷ್ಟತೆ ಸ್ವಲ್ಪ ಕಮ್ಮಿ ಆಗುತ್ತೆ, ಪ್ರೊಫೈಲ್ ಫೋಟೊಗೆ ಅಷ್ಟು ಸಾಕು.

ತಾಣದಿಂದ ಡಿಲೀಟ್ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತೆ. ಒಂದೊಂದು ಅಳತೆಯ ಪ್ರತಿಗೂ ಬೇರೆ ಬೇರೆ ವಿಳಾಸ ಇರೋದರಿಂದ, ಪ್ರತಿಯೊಂದೂ ದಾರಿಯಲ್ಲಿರುವ ಕ್ಯಾಶ್ ಸರ್ವರ್‌ಗಳಲ್ಲಿ ಬೇರೆ ಬೇರೆಯಾಗಿ ಉಳಿದಿರುತ್ತೆ. ಕೆಲವು ತಾಣಗಳು ಒಂದು ವರ್ಷದ ತನಕ ಇಟ್ಟುಕೊಳ್ಳಿ ಅಂತ ಹೇಳಿರುತ್ತವೆ. ಹಾಗಾಗಿ ಡಿಲೀಟ್ ಮಾಡುವ ಮೊದಲೇ ಆ ವಿಳಾಸಗಳನ್ನು ಕಾಪಿ ಮಾಡಿಟ್ಟುಕೊಳ್ಳಿ, ಎರಡು ದಿನ ಬಿಟ್ಟು ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ. ಇನ್ನೂ ಬರುತ್ತಿದ್ದರೆ ತಾಣದ ಸಹಾಯ ವಿಭಾಗಕ್ಕೆ ವಿಳಾಸಗಳನ್ನೇ ಅಂಟಿಸಿ ‘ಕ್ಯಾಶ್‌ನಿಂದಲೂ ತೆಗೆಯಿರಿ, ಎಲ್ಲ ಅಳತೆಗಳನ್ನೂ’ ಅಂತ ಬರೆಯಿರಿ. ‘ಎಲ್ಲ ಅಳತೆಗಳನ್ನೂ’ ಅನ್ನುವುದನ್ನು ಬಿಡಬೇಡಿ. ಬಿಟ್ಟರೆ 400ರದ್ದು ಹೋಗಿ 1600ರದ್ದು ಹಾಗೇ ಉಳಿದುಬಿಡಬಹುದು.